ಓಬವ್ವನ ಜಿಲ್ಲೆಯಲ್ಲಿ ಹುಡುಗಿಯರ ತಾಲೀಮು

ಹೊಸದುರ್ಗ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ದೈಹಿಕ ಶಿಕ್ಷಕಿ. ಕರಾಟೆ ಕಲಿಯಲು ಬರುವ ಹುಡುಗಿಯರಿಗೆ ಶುರುವಿನಲ್ಲಿ ಗುದ್ದು, ಒದೆ ಯಾವುದನ್ನೂ ಹೇಳಿಕೊಡುವುದಿಲ್ಲ, ನಿಲ್ಲುವುದನ್ನು ಕಲಿಸುತ್ತೇನೆ. ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು ನಿಂತರೆ ಸ್ವಲ್ಪ ಹೊತ್ತಿಗೇ ತೊಡೆ ನಡುಗುತ್ತದೆ. ನಡುಗಿದರೂ ಉಸಿರು ಕೆಡಿಸಿಕೊಳ್ಳದೆ ನಿಂತವಳ ಮನಸ್ಸಿಗೂ ಅಷ್ಟೇ ತಾಲೀಮು ಆಗಿರುತ್ತದೆ.

ಆಮೇಲೆ ಕೈ ಬಿಡಿಸಿಕೊಳ್ಳುವ ಪಟ್ಟು. ಯಾರಾದರೂ ಮಣಿಕಟ್ಟು ಹಿಡಿದರೆ ಸುಮ್ಮನೆ ಹಿಂದಕ್ಕೆ ಜಗ್ಗಬಾರದು. ಹಿಡಿದವನ ನಾಲ್ಕು ಬೆರಳು ಒಂದು ಕಡೆ, ಹೆಬ್ಬೆರಳೊಂದೇ ಇನ್ನೊಂದು ಕಡೆ ಇರುತ್ತದೆ; ಹಿಡಿತ ಸಡಿಲ ಇರುವುದೇ ಅಲ್ಲಿ. ಮೊಣಕೈ ಮಡಿಸಿ, ಹೆಬ್ಬೆರಳಿನತ್ತ ತಿರುಗಿಸಿ, ಸೊಂಟದ ಬಲ ಸೇರಿಸಿ ಕಿತ್ತುಕೊಳ್ಳಬೇಕು. ಜೊತೆಗೆ ಗಟ್ಟಿಯಾಗಿ ಕೂಗಬೇಕು. ಎಲ್ಲಕ್ಕಿಂತ ಕಷ್ಟ ಈ ಕೂಗು. ‘ಮೆಲ್ಲಗೆ ಮಾತಾಡೇ’ ಅಂತ ಬೈಸಿಕೊಂಡೇ ಬೆಳೆದ ಮಕ್ಕಳು ಅವರು.

ಕರಾಟೆ ಒಕಿನಾವ ದ್ವೀಪದ್ದು. ಗಿಚಿನ್ ಫುನಾಕೋಶಿ 1922ರಲ್ಲಿ ಅದನ್ನು ಟೋಕಿಯೊಗೆ ಒಯ್ದರು. ಆದರೆ ಮೈ, ಮನಸ್ಸು, ನಡತೆ ಮೂರನ್ನೂ ಒಟ್ಟಿಗೆ ತಿದ್ದುವ ಪಾಠ ನಮ್ಮಲ್ಲೂ ಹಳೆಯದೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ವಯಸ್ಸು, ಮೈಕಟ್ಟು, ಊಟ, ಅಭ್ಯಾಸಗಳನ್ನು ಬರೆದಿಟ್ಟಿದ್ದಾನೆ. ನಮ್ಮಪ್ಪ ಗರಡಿಯಲ್ಲಿ ಪಳಗಿದವರು. ಆಂಜನೇಯನಿಗೆ ಕೈಮುಗಿದು, ಕೆಮ್ಮಣ್ಣು ಹಣೆಗೊತ್ತಿಕೊಂಡು ಅಖಾಡಕ್ಕೆ ಇಳಿಯುತ್ತಿದ್ದರಂತೆ. ದಂಡ, ಬಸ್ಕಿ ಮುಗಿಯದೆ ಉಸ್ತಾದರು ಕುಸ್ತಿಗೆ ಬಿಡುತ್ತಿರಲಿಲ್ಲವಂತೆ. ನಾನು ಕೇಳಿ ತಿಳಿದದ್ದು ಇಷ್ಟೇ. ಹೆಣ್ಣುಮಕ್ಕಳು ಗರಡಿಯ ಹೊಸ್ತಿಲು ದಾಟುವಂತಿರಲಿಲ್ಲ.

ನನಗೆ ಸಂಕಟವಾಗುವುದು ಇಲ್ಲೇ. ಹೈದರಾಲಿಯ ಸೈನಿಕರು ಚಿತ್ರದುರ್ಗದ ಕೋಟೆಯ ಕಿಂಡಿಯಲ್ಲಿ ನುಸುಳಿದಾಗ ಒನಕೆ ಎತ್ತಿದ ಓಬವ್ವನ ಕಥೆ ಕೇಳಿ ಬೆಳೆದ ಜಿಲ್ಲೆ ನಮ್ಮದು. ಅವಳಿಗೆ ಯಾವ ಉಸ್ತಾದರೂ ಇರಲಿಲ್ಲ. ದಿನಾ ಕುಟ್ಟಿ ಕುಟ್ಟಿ ಗಟ್ಟಿಯಾದ ತೋಳೇ ಅವಳ ತಾಲೀಮು. ಚಿತ್ರದುರ್ಗದ ಕ್ರೀಡಾಂಗಣಕ್ಕೆ ಅವಳ ಹೆಸರಿದೆ, ನವೆಂಬರ್ 11ರಂದು ಸರ್ಕಾರವೇ ಜಯಂತಿ ಮಾಡುತ್ತದೆ. ಸರ್ಕಾರಿ ಶಾಲೆಯ ಹುಡುಗಿಯರಿಗೆ ಆತ್ಮರಕ್ಷಣೆಯ ತರಬೇತಿ ಮಾತ್ರ ಮೂರು ತಿಂಗಳು. ಆಗಷ್ಟೇ ಕಾಲು ನೆಲಕ್ಕೆ ಕಚ್ಚಿರುತ್ತದೆ, ದನಿ ಹೊರಟಿರುತ್ತದೆ. ಅಷ್ಟರಲ್ಲಿ ತರಗತಿ ಮುಗಿಯುತ್ತದೆ. ಅಭ್ಯಾಸ ಬಿಟ್ಟ ಮೈ ಬೇಗ ಮರೆಯುತ್ತದೆ.

ಹಿರಿಯೂರು, ಹೊಳಲ್ಕೆರೆ, ಚಿತ್ರದುರ್ಗ ಎಲ್ಲೇ ಆಗಲಿ, ಗರಡಿ ಇದ್ದಲ್ಲಿ ಗರಡಿ, ಇಲ್ಲದಿದ್ದರೆ ಶಾಲೆಯ ಅಂಗಳ: ಸಂಜೆ ಒಂದು ಗಂಟೆ, ವರ್ಷಪೂರ್ತಿ, ಹುಡುಗಿಯರಿಗೆ ಬಿಟ್ಟುಕೊಡಿ. ನಮ್ಮ ತಾಲ್ಲೂಕಿನಲ್ಲಿ ಸಂಬಳ ಕೇಳದೆ ನಾನೇ ಕಲಿಸುತ್ತೇನೆ.