ಹಳೇ ಚೈನ್ ಸಾ ತಗೊಳ್ತೀರಾ? ಮೊದಲು ಸೈಲೆನ್ಸರ್ ಬಿಚ್ಚಿ ನೋಡಿ

ತೀರ್ಥಹಳ್ಳಿ: ಬಿದ್ದ ಮರ ತುಂಡು ಮಾಡೋಕೆ, ಸೌದೆಗೆ ಅಂತ ನಮ್ಮ ಕಡೆ ಸೆಕೆಂಡ್ ಹ್ಯಾಂಡ್ ಚೈನ್ ಸಾ ತಗೊಳ್ಳೋರು ಜಾಸ್ತಿ. ತಂದ ಮೇಲೆ ಬರೋ ದೂರು ಒಂದೇ: "ಸ್ಟಾರ್ಟ್ ಆಗುತ್ತೆ, ಮರಕ್ಕೆ ಇಟ್ಟು ರೇಸ್ ಕೊಟ್ರೆ ಉಸಿರು ಕಟ್ಟಿದ ಹಾಗೆ ನಿಂತು ಹೋಗುತ್ತೆ." ಎಲ್ಲರೂ ಮೊದಲು ಕಾರ್ಬೊರೇಟರ್‌ಗೆ ಕೈ ಹಾಕ್ತಾರೆ. ಆದರೆ ಎಷ್ಟೋ ಸಲ ತಪ್ಪು ಸೈಲೆನ್ಸರ್‌ನದ್ದು.

ಇದು ಟು-ಸ್ಟ್ರೋಕ್ ಇಂಜಿನ್. ಪೆಟ್ರೋಲ್ ಜೊತೆ ಆಯಿಲ್ ಕೂಡ ಉರಿಯುತ್ತೆ. ಆಯಿಲ್ ಹೆಚ್ಚಾದ್ರೆ, ಕಳಪೆ ಆಯಿಲ್ ಹಾಕಿದ್ರೆ ಸೈಲೆನ್ಸರ್ ಒಳಗಿನ ಕಿಡಿ ತಡೆಯೋ ಜಾಲಿಗೆ ಮಸಿ ಕಟ್ಟುತ್ತೆ. ಹೊಗೆ ಹೊರಗೆ ಹೋಗದಿದ್ರೆ ಹೊಸ ಗಾಳಿ ಒಳಗೆ ಬರಲ್ಲ, ಪವರ್ ಬೀಳುತ್ತೆ.

ರಿಪೇರಿ ಹೀಗೆ: ಮಷಿನ್ ಪೂರ್ತಿ ತಣ್ಣಗಾಗಲಿ. ಪ್ಲಗ್ ಕ್ಯಾಪ್ ಕಿತ್ತಿಡಿ. ಸೈಲೆನ್ಸರ್ ಬೋಲ್ಟ್ ಬಿಚ್ಚಿ, ಜಾಲಿ ತೆಗೆದು ವೈರ್ ಬ್ರಷ್‌ನಲ್ಲಿ ಉಜ್ಜಿ. ತೂತಾಗಿದ್ರೆ ಹೊಸದು ಹಾಕಿ. ಆಮೇಲೆ ಹಗ್ಗ ನಿಧಾನಕ್ಕೆ ಎಳೆದು, ಹೊಗೆ ಬರೋ ಕಿಂಡಿಗೆ ಪಿಸ್ಟನ್ ಅಡ್ಡ ಬರೋ ಹಾಗೆ ನಿಲ್ಲಿಸಿ. ಆಗ ಮಸಿ ಒಳಗೆ ಬೀಳಲ್ಲ. ಕೆರೆಯೋಕೆ ಮರದ ಕಡ್ಡಿ ಸಾಕು, ಸ್ಕ್ರೂಡ್ರೈವರ್ ಬೇಡ.

ಅದೇ ಕಿಂಡಿಯಲ್ಲಿ ಟಾರ್ಚ್ ಬಿಟ್ಟು ಪಿಸ್ಟನ್ ನೋಡಿ. ಉದ್ದುದ್ದ ಗೀರು ಆಳವಾಗಿ ಬಿದ್ದಿದ್ರೆ ಆ ಮಷಿನ್ ಒಂದು ಸಲ ಹಿಡ್ಕೊಂಡಿದೆ ಅಂತ ಅರ್ಥ. ಹಾಗಾಗಿ ಈ ಪರೀಕ್ಷೆಯನ್ನ ದುಡ್ಡು ಕೊಡೋ ಮುಂಚೆನೇ ಮಾಡಿ.

ವಾಪಸ್ ಕೂರಿಸುವಾಗ ಗ್ಯಾಸ್ಕೆಟ್ ಹರಿದಿದ್ರೆ ಬದಲಿಸಿ. ಬೋಲ್ಟ್ ಸಡಿಲ ಇದ್ರೆ ಬಿಸಿ ಹೊಗೆ ಸೋರಿ ಪಕ್ಕದ ಪ್ಲಾಸ್ಟಿಕ್ ಕರಗುತ್ತೆ. ಒಂದು ಸಲ ಓಡಿಸಿ, ತಣ್ಣಗಾದ ಮೇಲೆ ಬೋಲ್ಟ್ ಮತ್ತೆ ಬಿಗಿ ಮಾಡಿ.

ಇನ್ನು ಹುಡುಗರ ಹುಚ್ಚು: ಸೈಲೆನ್ಸರ್‌ಗೆ ತೂತು ಕೊರೆದು ಪವರ್ ಏರಿಸೋದು. ಏರೋದು ನಿಜ. ಆದರೆ ಹೊಗೆ ಸಲೀಸಾಗಿ ಹೋದಷ್ಟೂ ಒಳಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಆಯಿಲ್ ಬರೋದೂ ಪೆಟ್ರೋಲ್ ಜೊತೆಗೇ, ಹಾಗಾಗಿ ಅದೂ ಕಮ್ಮಿ. ಕಾರ್ಬೊರೇಟರ್‌ನ ಎಚ್ ಸ್ಕ್ರೂ ಎಡಕ್ಕೆ ತಿರುಗಿಸಿ ಪೆಟ್ರೋಲ್ ಹೆಚ್ಚಿಸದಿದ್ರೆ ಪಿಸ್ಟನ್ ಕಾದು ಹಿಡ್ಕೊಳ್ಳುತ್ತೆ. ನಮ್ಮ ಮಾವನ ಮಷಿನ್ ಹೋಗಿದ್ದು ಹೀಗೇ. ತೂತು ಕೊರೆಯೋಕೆ ಹತ್ತು ನಿಮಿಷ, ಆಮೇಲೆ ಹೊಸ ಬೋರ್, ಪಿಸ್ಟನ್ ಖರ್ಚು. ಕೆಲವು ಮಾಡೆಲ್‌ಗಳಲ್ಲಿ ಆ ಸ್ಕ್ರೂನೇ ಇರಲ್ಲ. ಅಂಥದ್ದಕ್ಕೆ ಕೈ ಹಾಕಲೇಬೇಡಿ.

ಜಾಲಿ ಕಿತ್ತು ಬಿಸಾಡೋದಂತೂ ಬೇಡವೇ ಬೇಡ. ಬೇಸಿಗೆಯಲ್ಲಿ ಒಣ ತರಗೆಲೆ ಮೇಲೆ ಒಂದು ಕಿಡಿ ಬಿದ್ರೆ ನಿಮ್ಮ ತೋಟ ಮಾತ್ರ ಅಲ್ಲ, ಪಕ್ಕದವರ ಸೊಪ್ಪಿನಬೆಟ್ಟಕ್ಕೂ ಬೆಂಕಿ. ಸೈಲೆನ್ಸರ್ ಸರಿ ಇದ್ರೂ ಇದರ ಸದ್ದು 100 ಡೆಸಿಬಲ್ ದಾಟುತ್ತೆ, ಕಿವಿಗೆ ಮುಚ್ಚಳ ಹಾಕ್ಕೊಳ್ಳಿ.

ಬಿಡಿಭಾಗ ಮಾರೋ ಅಂಗಡಿಯವರಿಗೂ ಒಂದು ಮಾತು. ಗಿರಾಕಿಗೆ ಆಯಿಲ್ ಕೊಡುವಾಗ ಅಳತೆ ಹೇಳಿ. 50:1 ಅಂತ ಡಬ್ಬಿ ಮೇಲಿದ್ರೆ, ಮಷಿನ್ ಕಂಪನಿಯೂ ಅದನ್ನೇ ಹೇಳಿದ್ರೆ, ಒಂದು ಲೀಟರ್ ಪೆಟ್ರೋಲ್‌ಗೆ 20 ಎಂಎಲ್. ಅಂದಾಜಿಗೆ ಸುರಿಯೋದು ನಿಲ್ಲಿಸಿದ್ರೆ ಜಾಲಿ ಕಟ್ಟೋದೂ ಅರ್ಧಕ್ಕರ್ಧ ತಪ್ಪುತ್ತೆ.