ಕತ್ತರಿಸಬೇಡಿ, ಒಳಗೆ ಮಡಚಿ

ನಮ್ಮ ಬಳ್ಳಾರಿಯ ಕೌಲ್ ಬಜಾರಿನ ಓಣಿಗಳಲ್ಲಿ ಜೀನ್ಸ್ ಹೊಲಿಯುವುದನ್ನು ನೋಡಿದವರಿಗೆ ಎರಡು ಕೆಲಸಗಳ ವ್ಯತ್ಯಾಸ ಗೊತ್ತಿರುತ್ತೆ. ಒಂದು ಕಟಿಂಗ್. ಬಟ್ಟೆಯನ್ನು ಪದರ ಪದರವಾಗಿ ಹಾಸಿ ಮೆಷಿನ್ ಓಡಿಸಿದರೆ ಮುಗೀತು, ಮತ್ತೆ ಕೂಡಿಸೋಕೆ ಆಗಲ್ಲ. ಇನ್ನೊಂದು ಮಡಚಿ ಹೊಲಿಯೋದು. ಬೆಳೆಯುವ ಹುಡುಗನ ಪ್ಯಾಂಟಿಗೆ ಎರಡು ಇಂಚು ಒಳಗೆ ಮಡಚಿದ್ದರೆ ಮುಂದಿನ ವರ್ಷ ಬಿಚ್ಚಿಕೊಳ್ಳಬಹುದು. ಫೋಟೋ ಕ್ರಾಪ್ ಮಾಡೋದರಲ್ಲೂ ಈ ಎರಡು ದಾರಿ ಇವೆ. ಹೆಚ್ಚಿನವರು ಬಳಸೋದು ಕತ್ತರಿಯನ್ನೇ.

ಮನೆಯಲ್ಲಿ ಅಜ್ಜಿ ತೀರಿಕೊಂಡರೆ ಅವರೊಬ್ಬರದೇ ಫೋಟೋ ಸಿಗೋದು ಅಪರೂಪ. ಯಾವುದೋ ಮದುವೆಯ ಗ್ರೂಪ್ ಫೋಟೋ ಹುಡುಕಿ, ಮುಖದ ಸುತ್ತ ಕ್ರಾಪ್ ಮಾಡಿ, ಸೇವ್ ಒತ್ತಿ, ಫ್ರೇಮ್ ಅಂಗಡಿಗೆ ಕಳಿಸ್ತೇವೆ. ಹಾರ ಹಾಕಲು ಫೋಟೋ ಸಿದ್ಧ. ಆದರೆ ಮೂಲ ಫೈಲಿನ ಮೇಲೆಯೇ ಸೇವ್ ಆಗಿದ್ದರೆ ಪಕ್ಕದಲ್ಲಿ ನಿಂತಿದ್ದ ಅಜ್ಜ, ಆಕೆಯ ಸೆರಗು ಹಿಡಿದಿದ್ದ ಮಗುವಿನ ಕೈ, ಹಿಂದಿದ್ದ ಹಳೇ ಮನೆಯ ಬಾಗಿಲು ಎಲ್ಲಾ ಹೋಯ್ತು. ಆಲ್ಬಮ್ಮಿನ ಪ್ರಿಂಟನ್ನೂ ಗೆದ್ದಲು ತಿಂದಿದ್ದರೆ ಇನ್ನೆಲ್ಲಿಂದ ತರೋದು?

ಮಡಚುವ ದಾರಿಯ ಹೆಸರು ಲೇಯರ್ ಮಾಸ್ಕ್. ಫೋಟೋಶಾಪಿಗೆ ಲೇಯರ್‌ಗಳು ಬಂದಿದ್ದು 1994ರಲ್ಲಿ, 3.0 ಆವೃತ್ತಿಯಲ್ಲಿ. ದುಡ್ಡು ಕೊಡದೆ ಸಿಗುವ ಗಿಂಪ್‌ನಲ್ಲೂ ಈ ಸೌಲಭ್ಯ ಇದೆ. ಮನೆ ಕೆಲಸಕ್ಕೆ ಅದೇ ಸಾಕು ಅನ್ನೋದು ನನ್ನ ಅಭಿಪ್ರಾಯ. ಮಾಸ್ಕ್ ಅಂದ್ರೆ ಚಿತ್ರದ ಮೇಲೆ ಹಾಸಿದ ಕಪ್ಪು ಬಿಳುಪಿನ ಪರದೆ. ಬಿಳಿ ಇದ್ದ ಕಡೆ ಚಿತ್ರ ಕಾಣುತ್ತೆ, ಕಪ್ಪು ಇದ್ದ ಕಡೆ ಮರೆಯಾಗುತ್ತೆ, ಬೂದು ಇದ್ದ ಕಡೆ ಅರೆಬರೆ.

ಗಿಂಪ್‌ನಲ್ಲಿ ಫೋಟೋ ತೆರೆದು, ಅಜ್ಜಿಯ ಮುಖದ ಸುತ್ತ ಎಲಿಪ್ಸ್ ಸೆಲೆಕ್ಷನ್ ಎಳೆಯಿರಿ. ಲೇಯರ್ ಮೆನುವಿನಲ್ಲಿ ಮಾಸ್ಕ್, ಅದರಲ್ಲಿ ಆ್ಯಡ್ ಲೇಯರ್ ಮಾಸ್ಕ್ ಒತ್ತಿ 'ಸೆಲೆಕ್ಷನ್' ಆರಿಸಿದರೆ ಹೊರಗಿನದೆಲ್ಲ ಮಾಯ. ಸುತ್ತಲಿನ ಖಾಲಿ ಜಾಗ ಬೇಡವಾದರೆ ಇಮೇಜ್ ಮೆನುವಿನ ಫಿಟ್ ಕ್ಯಾನ್ವಾಸ್ ಟು ಸೆಲೆಕ್ಷನ್ ಇದೆ. ಕೆಳಗೊಂದು ಬಿಳಿ ಲೇಯರ್ ಇಟ್ಟರೆ ಹಳೇ ಸ್ಟುಡಿಯೋ ಫೋಟೋದ ಹಾಗೆ ಚೆಂದ ಕಾಣುತ್ತೆ. ಕಿವಿಯೋಲೆ ಅರ್ಧ ಮರೆಯಾಗಿದೆಯಾ? ಮಾಸ್ಕ್ ಮೇಲೆ ಬಿಳಿ ಬ್ರಷ್ ಆಡಿಸಿ, ವಾಪಸ್ ಬರುತ್ತೆ. ಇದನ್ನು ಎಕ್ಸ್‌ಸಿಎಫ್ ಫೈಲಾಗಿ ಉಳಿಸಿ. ಹತ್ತು ವರ್ಷ ಬಿಟ್ಟು ತೆರೆದರೂ ಅಜ್ಜ ಅಲ್ಲೇ ನಿಂತಿರ್ತಾರೆ. ಅಂಗಡಿಗೆ ಎಕ್ಸ್‌ಪೋರ್ಟ್ ಮಾಡಿದ ಜೆಪೆಗ್ ಕಳಿಸಿದರಾಯ್ತು. ಜೀನ್ಸ್ ಮಾರುವವರಿಗೂ ಇದು ಅನುಕೂಲ: ಒಂದೇ ಫೋಟೋವನ್ನು ಒಂದು ಕಡೆಗೆ ಚೌಕ, ಇನ್ನೊಂದು ಕಡೆಗೆ ಉದ್ದ ಮಾಡಿ ಕೊಡಬಹುದು.

ಆದರೆ ಮಡಚಿದ ಬಟ್ಟೆ ಒಳಗೇ ಇರುತ್ತೆ ಅನ್ನೋದನ್ನ ಮರೆಯೋ ಹಾಗಿಲ್ಲ. ಹೊಲಿಗೆ ಬಿಚ್ಚಿದವರಿಗೆ ಸಿಕ್ಕೇ ಸಿಗುತ್ತೆ. ಮಾಸ್ಕ್ ಇರುವ ಫೈಲನ್ನೇ ಯಾರಿಗಾದರೂ ಕೊಟ್ಟರೆ ನೀವು ಮರೆಮಾಡಿದ್ದನ್ನೂ ಕೊಟ್ಟ ಹಾಗೆ.

ಕತ್ತರಿಸಿದ್ದೇವೆ ಅಂದುಕೊಂಡದ್ದೂ ಕೆಲವೊಮ್ಮೆ ಉಳಿದಿರುತ್ತೆ. 2023ರ ಮಾರ್ಚ್‌ನಲ್ಲಿ 'ಎಕ್ರೊಪಲಿಪ್ಸ್' ಎಂಬ ದೋಷ ಬಯಲಾಯ್ತು. ಗೂಗಲ್ ಪಿಕ್ಸೆಲ್ ಫೋನಿನ ಮಾರ್ಕಪ್‌ನಲ್ಲಿ ಸ್ಕ್ರೀನ್‌ಶಾಟ್ ಕ್ರಾಪ್ ಮಾಡಿದರೆ ಹೊಸ ಚಿಕ್ಕ ಚಿತ್ರ ಹಳೇ ಫೈಲಿನ ಮೇಲೆ ಬರೆದುಕೊಳ್ಳುತ್ತಿತ್ತು, ಆದರೆ ಫೈಲಿನ ಬಾಲ ಕತ್ತರಿಸುತ್ತಿರಲಿಲ್ಲ. ಆ ಬಾಲದಿಂದ ಅಳಿಸಿದ ಭಾಗವನ್ನು ಎಷ್ಟೋ ಮಟ್ಟಿಗೆ ಹೊರತೆಗೆಯಬಹುದಿತ್ತು. ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲ್‌ನಲ್ಲೂ ಅದೇ ಕಥೆ. ಎರಡನ್ನೂ ಆಮೇಲೆ ಸರಿಪಡಿಸಿದರು.

ನಮ್ಮ ಮನೆಗಳಲ್ಲಿ ಇದಕ್ಕಿಂತ ಸಾಮಾನ್ಯವಾದದ್ದು ವರ್ಡ್ ಫೈಲು. ಬಾಡಿಗೆ ಕರಾರಿಗೆ ಅಂತ ಆಧಾರ್ ಫೋಟೋ ಹಾಕಿ, ನಂಬರ್ ಕಾಣದಂತೆ ಕ್ರಾಪ್ ಮಾಡಿ ಕಳಿಸ್ತೀವಿ. ವರ್ಡ್‌ನ ಕ್ರಾಪ್ ಕೂಡ ಬರೀ ಮಡಚುತ್ತೆ. ಪಡೆದವರು ಆ ಚಿತ್ರದ ಮೇಲೆ ಕ್ರಾಪ್ ಒತ್ತಿ ಅಂಚು ಎಳೆದರೆ ನಂಬರ್ ಹಾಜರ್! ಕಳಿಸುವ ಮುಂಚೆ ಕಂಪ್ರೆಸ್ ಪಿಕ್ಚರ್ಸ್‌ಗೆ ಹೋಗಿ 'ಡಿಲೀಟ್ ಕ್ರಾಪ್ಡ್ ಏರಿಯಾಸ್ ಆಫ್ ಪಿಕ್ಚರ್ಸ್' ಟಿಕ್ ಮಾಡಿ, ಸೇವ್ ಮಾಡಿ. ಇಲ್ಲಿ ಮಾತ್ರ ಕತ್ತರಿಯೇ ಬೇಕು.