ಉಂಗುರವು ಒಡೆಯುವುದೆಂತು?

ಬೆಂಗಳೂರಿನ ಬಸವನಗುಡಿಯ ಬಳಿ ಹುಟ್ಟುವ ವೃಷಭಾವತಿಯು ನಗರದ ಕೊಳಚೆಯನ್ನೂ ಕಾರ್ಖಾನೆಗಳ ಕಲ್ಮಷವನ್ನೂ ಹೊತ್ತು, ಬಿಡದಿಯ ಸಮೀಪದ ಬೈರಮಂಗಲ ಕೆರೆಯನ್ನು ಸೇರುತ್ತದೆ. ಮುಂದೆ ಕನಕಪುರ ತಾಲ್ಲೂಕಿನಲ್ಲಿ ಅರ್ಕಾವತಿಯೊಡನೆ ಕೂಡಿ, ಸಂಗಮದಲ್ಲಿ ಕಾವೇರಿಯ ಪಾಲಾಗುತ್ತದೆ. ಕೆರೆಯಿಂದ ಹೊರಬೀಳುವ ನೀರಿನ ನೊರೆಯನ್ನು ಕಂಡವರು, ಹರಿಯುವ ನೀರು ತನ್ನ ಕೊಳೆಯನ್ನು ತಾನೇ ಕಳೆದುಕೊಳ್ಳಲಾರದೆ ಎಂದು ಕೇಳುವುದುಂಟು.

ಕೊಳೆಯಲ್ಲಿ ಹಟಮಾರಿಯಾದವುಗಳಲ್ಲೊಂದು ಬೆನ್‌ಜೀನ್ ಉಂಗುರವುಳ್ಳ ವಸ್ತು. ಫೀನಾಲು ಅಂಥದು, ನೊರೆಗೆ ಕಾರಣವಾದ ಬಟ್ಟೆಪುಡಿಯ ಮಾರ್ಜಕದಲ್ಲಿಯೂ ಸಾಮಾನ್ಯವಾಗಿ ಈ ಉಂಗುರವಿದೆ. ಆರು ಇಂಗಾಲದ ಪರಮಾಣುಗಳು ತಮ್ಮ ಎಲೆಕ್ಟ್ರಾನುಗಳಲ್ಲಿ ಕೆಲವನ್ನು ಇಡೀ ಉಂಗುರಕ್ಕೆ ಸಮನಾಗಿ ಹಂಚಿಕೊಂಡಿರುವುದರಿಂದ ಎಲ್ಲಿಯೂ ದುರ್ಬಲವಾದ ಕೊಂಡಿಯಿಲ್ಲ. ಆದರೂ ಮಣ್ಣಿನ ಸ್ಯೂಡೊಮೋನಾಸ್ ಮೊದಲಾದ ಬ್ಯಾಕ್ಟೀರಿಯಗಳು ಇದನ್ನು ಉಣ್ಣಬಲ್ಲವು! ಅವು ನೇರವಾಗಿ ಉಂಗುರವನ್ನು ಮುರಿಯುವುದಿಲ್ಲ. ಫೀನಾಲಿನಲ್ಲಿ ಆಗಲೇ ಇರುವ ಹೈಡ್ರಾಕ್ಸಿಲ್ ಗುಂಪಿನ ಪಕ್ಕದಲ್ಲಿ ಇನ್ನೊಂದನ್ನು ಕೂರಿಸುತ್ತವೆ. ಹೀಗೆ ದೊರೆಯುವ ಮಧ್ಯವರ್ತಿಯೇ ಕ್ಯಾಟೆಕಾಲ್. (ತಾಂಬೂಲದ ಕಾಚನ್ನು ಬಟ್ಟಿಯಿಳಿಸಿದಾಗ ಮೊದಲು ದೊರೆತುದರಿಂದ ಈ ಹೆಸರು.) ಬೆನ್‌ಜೀನ್, ನ್ಯಾಫ್ತಲೀನ್, ಫೀನಾಲು ಇವು ಬೇರೆ ಬೇರೆ ದಾರಿ ಹಿಡಿದು ಬಂದರೂ ಅನೇಕ ವೇಳೆ ಈ ಒಂದೇ ಕೂಡುರಸ್ತೆಯನ್ನು ಮುಟ್ಟುತ್ತವೆ.

ಎರಡು ಹೈಡ್ರಾಕ್ಸಿಲುಗಳ ನಡುವೆ ಉಂಗುರವನ್ನು ಕತ್ತರಿಸಿದರೆ ಮ್ಯೂಕಾನಿಕ್ ಆಮ್ಲ. ಅವುಗಳ ಹೊರಪಕ್ಕದಲ್ಲಿ ಕತ್ತರಿಸಿದರೆ ಹಳದಿ ಬಣ್ಣದ ಬೇರೊಂದು ವಸ್ತು. ತಟ್ಟೆಯಲ್ಲಿ ಬೆಳೆದ ಬ್ಯಾಕ್ಟೀರಿಯದ ಮೇಲೆ ಕ್ಯಾಟೆಕಾಲನ್ನು ಸಿಂಪಡಿಸಿ, ಹಳದಿ ಮೂಡಿತೆ ಎಂದು ನೋಡಿಯೇ ಪ್ರಯೋಗಾಲಯದಲ್ಲಿ ದಾರಿಯನ್ನು ಗುರುತಿಸುತ್ತಾರೆ. ಮುಂದಿನದು ಸುಲಭ: ತುಂಡುಗಳು ಜೀವಕೋಶದ ನಿತ್ಯದ ಆಹಾರವಾಗಿ, ಕಡೆಗೆ ಬಹುಪಾಲು ಇಂಗಾಲದ ಡೈಆಕ್ಸೈಡೂ ನೀರೂ ಆಗುತ್ತವೆ.

ಕತ್ತರಿಸಲು ಬೇಕಾದ ಆಮ್ಲಜನಕ ಎಲ್ಲಿಂದ ಬಂದಿತು? ನೀರಿನಿಂದಲೋ, ಗಾಳಿಯಿಂದಲೋ? ಇದನ್ನು ಬಗೆಹರಿಸಿದ್ದು ನಮ್ಮ ಶಾಸ್ತ್ರಕ್ಕೆ ಸೇರಿದ ಉಪಾಯವೆಂದು ಹೇಳಿಕೊಳ್ಳಲು ನಮಗೆ ಸಂತೋಷ. 1955ರಲ್ಲಿ ಜಪಾನಿನ ಒಸಾಮು ಹಯೈಷಿಯವರೂ ಸಂಗಡಿಗರೂ 18 ತೂಕದ ಭಾರ ಆಮ್ಲಜನಕವನ್ನು ಗುರುತಾಗಿ ಬಳಸಿದರು. ಮ್ಯೂಕಾನಿಕ್ ಆಮ್ಲದಲ್ಲಿ ಹೊಸದಾಗಿ ಸೇರಿದ ಎರಡು ಪರಮಾಣುಗಳೂ ಅನಿಲರೂಪದ ಆಮ್ಲಜನಕದಿಂದಲೇ ಬಂದಿದ್ದವು.

ವೃಷಭಾವತಿಯ ಸಂಕಟ ಇಲ್ಲಿದೆ. 25 ಡಿಗ್ರಿ ಸೆಲ್ಷಿಯಸ್‌ನಲ್ಲಿ ಒಂದು ಲೀಟರು ಶುದ್ಧ ನೀರು ಕರಗಿಸಿಕೊಳ್ಳಬಲ್ಲ ಆಮ್ಲಜನಕ ಸುಮಾರು 8 ಮಿಲಿಗ್ರಾಂ ಮಾತ್ರ. ಕೊಳಚೆಯಲ್ಲಿ ಸುಲಭವಾಗಿ ಕೊಳೆಯುವ ವಸ್ತುಗಳೇ ಅದನ್ನು ಮೊದಲು ಕಬಳಿಸುತ್ತವೆ. ಉಂಗುರದ ಸರದಿ ಬರುವ ವೇಳೆಗೆ ಏನೂ ಉಳಿದಿರುವುದಿಲ್ಲ. ಆಮ್ಲಜನಕವಿಲ್ಲದೆ ಉಂಗುರ ಒಡೆಯುವ ಬ್ಯಾಕ್ಟೀರಿಯಗಳೂ ಉಂಟು, ಆದರೆ ಅವುಗಳ ಕೆಲಸ ಸಾಮಾನ್ಯವಾಗಿ ನಿಧಾನ. ಆದ್ದರಿಂದಲೇ ಶುದ್ಧೀಕರಣ ಘಟಕಗಳಲ್ಲಿ ಯಂತ್ರಗಳಿಂದ ನೀರಿಗೆ ಗಾಳಿಯೂದುವುದು. ಆ ಕೆಲಸ ಕೊಳಚೆಯು ನದಿಗೆ ಬೀಳುವ ಮೊದಲೇ ನಡೆಯದಿದ್ದರೆ, ಉಳಿದ ಉಂಗುರಗಳು ಬೈರಮಂಗಲದ ಕಾಲುವೆಯ ನೀರಿನೊಡನೆ ರೈತರ ಹೊಲಗಳನ್ನು ತಲಪುತ್ತವೆ.